ಪಂಖದ ಅಲಗಿಗೆ ಹಾಕಿದ ಹಾರ

ನದೀಮ್ ತೀರಿಕೊಂಡ ವಾರವೇ ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಬದುಕಿದ್ದಾಗ ಅವನ ಮಾತು ಕೇಳಲು ಬಿಡುವಿಲ್ಲದಿದ್ದ ಕಾರ್ಖಾನೆ ಮಾಲೀಕರು ಅಲ್ಲಿ ಅವನನ್ನು ಮನದಣಿಯೆ ಹೊಗಳಿದರು. ಹೊಗಳಿಕೆಗೆ ಖರ್ಚಿಲ್ಲ.

ಅವನ ಊರು ಹುಮನಾಬಾದ. ತಂದೆ ಅಬ್ದುಲ್ ಕರೀಂ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹಂಡೆಯನ್ನು ಬೆರಳಿನಿಂದ ಬಡಿದು, ದನಿಯಿಂದಲೇ ಸೀಳು ಹಿಡಿಯುತ್ತಿದ್ದರು. ಮಗ ಇಂಜಿನಿಯರಿಂಗ್ ಓದಿ ಮೇಷ್ಟರಾದ. ಪಕ್ಕದ ಪ್ರಯೋಗಾಲಯದಲ್ಲಿ ಕಲಿಸುತ್ತಿದ್ದ ನನಗೆ ಒಮ್ಮೆ ಹೇಳಿದ್ದ: "ಅಬ್ಬಾ ಬಡದು ಕೇಳ್ತಿದ್ದರು. ನಾ ಮುಟ್ಟದೇ ಕೇಳ್ತೇನಿ."

ಅವನ ಉಪಾಯ ಸರಳ. ತಂತಿಯ ಸುರುಳಿಯನ್ನು ಅಲ್ಯೂಮಿನಿಯಂ ತಗಡಿನ ಹತ್ತಿರ ಹಿಡಿದು ವಿದ್ಯುತ್ತನ್ನು ಏರಿಳಿಸಿದರೆ ತಗಡಿನೊಳಗೂ ಸುಳಿಯಂತೆ ವಿದ್ಯುತ್ ಹರಿಯುತ್ತದೆ. ಆ ತಳ್ಳಾಟಕ್ಕೆ ತಗಡು ನಡುಗುತ್ತದೆ. ಇನ್ನೊಂದು ಸುರುಳಿ ಆ ನಡುಕವನ್ನು ಅಳೆಯುತ್ತದೆ. ಸೀಳಿದ್ದರೆ ನಡುಕ ನಿಧಾನ. ತಗಡಿನ ಮೇಲೆ ಏನನ್ನಾದರೂ ಇಟ್ಟರೂ ನಿಧಾನವೇ; ಅದಕ್ಕೇ ಮುಟ್ಟಬಾರದು.

ಹುಮನಾಬಾದದ ಹೊರಗಿನ ಆ ಮಾಲೀಕರ ಕಾರ್ಖಾನೆಯಲ್ಲಿ ನೀರು ತಂಪು ಮಾಡುವ ದೊಡ್ಡ ಪಂಖವೊಂದಿದೆ. ದುರಸ್ತಿಗೆಂದು ಬಿಚ್ಚಿಟ್ಟ ಅದರ ಅಲ್ಯೂಮಿನಿಯಂ ಅಲಗುಗಳಲ್ಲಿ ಒಂದು ಸೀಳಿದೆಯೆಂದು ನದೀಮನಿಗೆ ಅನುಮಾನ ಬಂತು. ಪಂಖ ತಿರುಗುವಾಗ ಅದು ಮುರಿದರೆ, ಕೆಳಗೆ ಕೆಲಸ ಮಾಡುವ ಲಾಲಪ್ಪನ ತಲೆಯೇ ಮೊದಲು ಸಿಗುವುದು.

ಮಾಲೀಕರು ಪರೀಕ್ಷೆ ನೋಡಲು ಫೋಟೋದವನೊಡನೆ ಬಂದರು. ಯಂತ್ರದ ಕೆಲಸವೆಂದರೆ ಪೂಜೆ ಆಗಲೇಬೇಕಲ್ಲ. ಹೋಲಿಸಿ ನೋಡಲೆಂದು ನದೀಮ್ ಇಟ್ಟಿದ್ದ ಒಳ್ಳೆಯ ಅಲಗಿನ ತುದಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿದರು. ಅನುಮಾನದ ಅಲಗಿಗೆ ಬರೀ ಕುಂಕುಮ.

"ದಸರಾಕ ನನ್ನ ಗಾಡಿಗೂ ಹಾರ ಹಾಕ್ತೇನ್ರಿ. ಇದಕ್ಕ ಪರೀಕ್ಷಾ ಮುಗಿದ ಮ್ಯಾಲ ಹಾಕೋಣ್ರಿ," ಎಂದ ನದೀಮ್.

"ಹೂವಿಂದ ಏನ್ ಭಾರ ಆಗ್ತದ ಮಾಸ್ತರ? ಹಾಕಿದ್ ಹಾರ ತಗದರ ಅಪಶಕುನ."

ಸುತ್ತಲಿದ್ದವರು ನಕ್ಕರು. ನಮ್ಮ ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ ನಕ್ಕರು. ಹಾರದ ಭಾರಕ್ಕೆ ಒಳ್ಳೆಯ ಅಲಗಿನ ನಡುಕವೂ ಇಳಿದು, ಎರಡರ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂತು.

"ನೋಡ್ರಿ, ಎರಡೂ ಖಾಸಾ ಅಣ್ಣತಮ್ಮರ ಇದ್ದಂಗ ಅವ," ಎಂದರು ಮಾಲೀಕರು. ಅಲಗು ಸರಿಯಿದೆಯೆಂಬ ಕಾಗದಕ್ಕೆ ನದೀಮ್ ಸಹಿ ಹಾಕಲಿಲ್ಲ; ಪ್ರಿನ್ಸಿಪಾಲರು ಹಾಕಿದರು. ಪಂಖ ಮೇಲೇರಿತು.

ಆಮೇಲೆ ಪಂಖ ನಿಲ್ಲಿಸಿರೆಂದು ಹೇಳಲು ನದೀಮ್ ಆ ಕಾರ್ಖಾನೆಯ ಬಾಗಿಲಿಗೆ ಎಷ್ಟು ಸಲ ಹೋದನೋ. ಮಾಲೀಕರು ಊಟಕ್ಕೆ ಕುಳಿತಿರುತ್ತಿದ್ದರು, ಇಲ್ಲವೇ ಪೂಜೆಗೆ. ಅವನ ಸಭ್ಯತೆಯ ಮೇಲೂ ನನಗೆ ಸಿಟ್ಟಿದೆ. ಇಂಥವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಯಬಾರದು. ಅಂಥದೇ ಒಂದು ಸಂಜೆ, ಮನೆಗೆ ಮರಳುವಾಗ ಬಸ್ಸಿನಲ್ಲಿ ಅವನ ಎದೆಬಡಿತ ನಿಂತಿತು.

ಸಭೆಯ ಕೊನೆಗೆ ಮಾಲೀಕರು ಅವನ ತಾಯಿ ವಜೀರಬಿಯವರ ಮುಂದೆ, ಫೋಟೋಕ್ಕೆ ಹಾಕಲೆಂದು ದೊಡ್ಡ ಹಾರ ಹಿಡಿದು ನಿಂತರು. ಆಕೆ ಫೋಟೋವನ್ನು ಎದೆಗವಚಿಕೊಂಡರು.

"ಹಾರ ಬ್ಯಾಡ್ರಿ. ನನ್ನ ಮಗ ಹೇಳಿದ್ದ ಆ ಪಂಖ ಬಂದ್ ಮಾಡ್ರಿ."

ಮಾಲೀಕರು ಫೋಟೋದವನ ಕಡೆ ನೋಡಿದರು. ಬಾಗಿಲ ಬಳಿ ನಿಂತಿದ್ದ ಲಾಲಪ್ಪ ಮಾತ್ರ ಆ ಮಾತು ಕೇಳಿ ಹೊರಟುಹೋದ. ಮರುದಿನ ಅವನೂ ಅವನ ಜೊತೆಯವರೂ ಪಂಖ ನಿಲ್ಲಿಸಿ, ಯಾರ ಅಪ್ಪಣೆಗೂ ಕಾಯದೆ ಆ ಅಲಗು ಇಳಿಸಿ ನನ್ನನ್ನು ಕರೆದರು. ನದೀಮನ ಸುರುಳಿಯ ಅಗತ್ಯವೇ ಬೀಳಲಿಲ್ಲ. ಬುಡದ ಹಿಡಿಕೆ ಬಿಚ್ಚಿದರೆ, ಅದರಡಿ ಮರೆಯಾಗಿದ್ದ, ಉಗುರು ಸಿಕ್ಕುವಷ್ಟು ಸೀಳು.

ಅದನ್ನು ಹೊತ್ತೊಯ್ದು ಮಾಲೀಕರ ಮೇಜಿನ ಮೇಲಿಟ್ಟೆವು. ಒರೆಸುವವರಿಲ್ಲದೆ ಕುಂಕುಮದ ಕಲೆ ಅದರ ಮೇಲೆ ಇನ್ನೂ ಅಂಟಿಕೊಂಡಿತ್ತು.