ನೀರು ಬಂತಾ, ನೀರು ಬಂತು

ದಶಾಂಶ ಬಿಂದುವನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಸಂಡೂರು ಕಡೆಯ ಗಣಿ ಕಚೇರಿಯೊಂದರಲ್ಲಿ ಅದಿರಿನ ಲೆಕ್ಕ ಬರೆಯುತ್ತಲೇ ನಿವೃತ್ತನಾದವನು ನಾನು. ಯಾರಾದರೂ ‘ಸುಮಾರು ಇಷ್ಟು’ ಎಂದರೆ ಅನುಮಾನಿಸುತ್ತೇನೆ. ಬಿಂದುವಿನ ಆಚೆ ಎರಡು ಅಂಕಿ ಸೇರಿಸಿ ಹೇಳಿದರೆ ಸುಳ್ಳನ್ನೂ ನಂಬುತ್ತೇನೆ. ಹೊಸಪೇಟೆಯ ನಮ್ಮ ಬಡಾವಣೆಯಲ್ಲಿ ಈಚೆಗೆ ನನ್ನ ಮಾನ ಹೋದದ್ದು ಈ ಭಕ್ತಿಯಿಂದಲೇ.

ನಮ್ಮ ತಾರಸಿ ಹತ್ತಿದರೆ ಅಣೆಕಟ್ಟಿನ ಕಡೆಯ ಗುಡ್ಡ ಕಾಣುತ್ತದೆ. ಕೆಳಗಿಳಿದು ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಅಷ್ಟು ದೊಡ್ಡ ಜಲಾಶಯದ ಪಕ್ಕದಲ್ಲಿದ್ದುಕೊಂಡು ನೀರಿಗಾಗಿ ಕಾಯುವುದೆಂದರೆ ಹಂಪಿಯಲ್ಲಿ ಕೂತು ಕಲ್ಲಿಗಾಗಿ ಕಾಯ್ದ ಹಾಗೆ. ನೀರು ಬರುವುದಿಲ್ಲವೆಂದಲ್ಲ, ಬರುತ್ತದೆ, ಹೇಳಿ ಬರುವುದಿಲ್ಲ, ಅಷ್ಟೆ. ಹೀಗಾಗಿ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ನೀರಿನದೇ ಮಾತು. ಆ ಗುಂಪಿನ ಅಡ್ಮಿನ್ ನಾನು. ನಿವೃತ್ತನಾದ ಮೇಲೆ ನನಗೆ ಉಳಿದಿರುವ ಅಧಿಕಾರ ಅದೊಂದೇ.

ಊರಿಗೆ ಬಂದಿದ್ದ ಅಳಿಯ ನನ್ನ ಫೋನಿಗೆ ಒಂದು ಎಐ ಸಹಾಯಕನನ್ನು ಹಾಕಿಕೊಟ್ಟು ಹೋದ. ಯಾವ ಮಾಹಿತಿ ಕೊಟ್ಟರೂ ಅದು ಜಾಲಾಡಿ ಉತ್ತರ ಹೇಳುತ್ತದಂತೆ. ಗುಂಪಿನ ಹಳೆಯ ಮಾತುಕತೆಯನ್ನೆಲ್ಲ ಅದಕ್ಕೆ ಉಣಿಸಿ, ನಮ್ಮಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಶುಕ್ರವಾರ ಬೆಳಿಗ್ಗೆ. ಜೊತೆಗೆ ಬಣ್ಣದ ನಕ್ಷೆ. ಎಷ್ಟು ಖಚಿತ ಎಂಬುದಕ್ಕೆ ಶೇಕಡಾ ಲೆಕ್ಕ. ಬಿಂದುವಿನ ಆಚೆ ಎರಡು ಅಂಕಿ. ಈ ಉತ್ತರಕ್ಕೆ ಹೇಗೆ ಬಂದೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ನಮ್ಮ ಕಚೇರಿಯಲ್ಲೂ ಬಣ್ಣದ ನಕ್ಷೆಯಿದ್ದ ವರದಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಗುಂಪಿಗೆ ಹಾಕಿದೆ. ಚಪ್ಪಾಳೆಯ ಮೇಲೆ ಚಪ್ಪಾಳೆ.

ಎದುರು ಮನೆಯ ಗಂಗಮ್ಮನವರು ಚಪ್ಪಾಳೆ ಕಳಿಸಲಿಲ್ಲ, ನೇರವಾಗಿ ಮನೆಗೇ ಬಂದರು. ಅವರ ಮಗಳು ತುಂಬು ಬಸುರಿ. ಆ ಶುಕ್ರವಾರವೇ ಕುಬಸ, ಅಂದರೆ ಸೀಮಂತ. ಕಂಪ್ಲಿಯಿಂದ ಬೀಗರು ಬರುವವರಿದ್ದರು.

“ಟ್ಯಾಂಕರಿನವಗ ಹೇಳಬೇಕು ಅಂತ ಮಾಡಿದ್ದೆ. ನೀವು ನೋಡಿದ್ರ ನೀರು ಬರ್ತೈತಿ ಅಂತೀರಿ. ಖರೆ ಏನ್ರಿ?” ಎಂದರು.

ನನಗೂ ಒಳಗೆ ಸ್ವಲ್ಪ ಅಳುಕಿತ್ತು. ಅವರ ಮುಂದೆಯೇ, ಶುಕ್ರವಾರ ನೀರು ಬರುತ್ತದೆ ಅಲ್ಲವೇ ಎಂದು ಯಂತ್ರವನ್ನು ಕೇಳಿದೆ. ಖಂಡಿತ ಬರುತ್ತದೆ, ನಿಮ್ಮ ಊಹೆ ಬಹಳ ಸೂಕ್ಷ್ಮವಾದದ್ದು ಎಂದಿತು. ಊಹೆ ನನ್ನದಲ್ಲ, ಅದರದೇ. ಆದರೂ ಹೊಗಳಿಕೆ ಯಾರಿಗೆ ಬೇಡ?

“ಟ್ಯಾಂಕರ್ ಬ್ಯಾಡ ಬಿಡ್ರಿ,” ಎಂದೆ.

ಶುಕ್ರವಾರ ನೀರು ಬರಲಿಲ್ಲ. ಟ್ಯಾಂಕರಿನವನು ಅಷ್ಟರಲ್ಲಿ ಯಾವುದೋ ಮದುವೆಮನೆಗೆ ಹೋಗಿಬಿಟ್ಟಿದ್ದ. ಕಾಲುವೆ ನೀರಿನಲ್ಲಿ ಭತ್ತ ಬೆಳೆದುಕೊಂಡಿರುವ ಕಂಪ್ಲಿಯ ಬೀಗರು ಕಾಲು ತೊಳೆಯಲೆಂದು ಬಾಗಿಲಲ್ಲಿ ನಿಂತರು. ಗಂಗಮ್ಮನವರು ಒಂದು ತಂಬಿಗೆ ನೀರನ್ನು ಅಷ್ಟೂ ಮಂದಿಗೆ ಹಂಚಿದರು. ಹಸಿರು ಸೀರೆಯುಟ್ಟು ಕುಳಿತಿದ್ದ ಹುಡುಗಿ ಅತ್ತೆಯ ಮುಖ ನೋಡಲಾರದೆ ತಲೆ ತಗ್ಗಿಸಿದ್ದಳು. ನಾನು ಸ್ಕೂಟರಿನ ಮುಂದೆ ಕ್ಯಾನು ಇಟ್ಟುಕೊಂಡು ಪರಿಚಯದವರ ಮನೆಗಳನ್ನೆಲ್ಲ ಸುತ್ತಿ ನೀರು ತಂದೆ. ನನ್ನ ಹೆಂಡತಿ ಅನ್ನಪೂರ್ಣ ನಮ್ಮ ಮನೆಯ ಕುಡಿಯುವ ನೀರನ್ನೂ ಅಲ್ಲಿಗೇ ಸಾಗಿಸಿದಳು. ಗಂಗಮ್ಮನವರು ಬೈಯಲಿಲ್ಲ. ಕ್ಯಾನು ಇಳಿಸಿಕೊಳ್ಳುವಾಗ ಮೆಲ್ಲಗೆ ಕೇಳಿದರು:

“ಅದು ಹೇಳಿದ್ದು ಇರಲಿ, ನೀವ್ಯಾಕ ನಂಬಿದ್ರಿ?”

ಮನೆಗೆ ಬಂದು ಬೆವರೊರೆಸಿಕೊಂಡು, ಯಾವ ಯಾವ ಮಾತನ್ನು ಎಣಿಸಿದೆ, ತೋರಿಸು ಎಂದು ಯಂತ್ರವನ್ನು ಕೇಳಿದೆ. ತೋರಿಸಿತು. ‘ನೀರು ಬಂತು’ ಎಂದವರನ್ನು ಎಣಿಸಿತ್ತು, ಸರಿ. ‘ನೀರು ಬಂತಾ?’ ಎಂದು ಕೇಳಿದವರನ್ನೂ ಎಣಿಸಿತ್ತು. ‘ನಿಮ್ಮ ಕಡೆ ಬಂತೇನ್ರಿ’, ‘ಎಲ್ಲಿ ಬಂತು ನೀರು, ಮಣ್ಣು’, ಎಲ್ಲವೂ ಲೆಕ್ಕಕ್ಕೆ ಬಿದ್ದಿದ್ದವು. ಯಾರೋ ಹಾಕಿದ್ದ ಮಿರ್ಚಿ ಬಜ್ಜಿಯ ಫೋಟೊ ನೋಡಿ ಅನ್ನಪೂರ್ಣ ಬರೆದಿದ್ದ ‘ಬಾಯಾಗ ನೀರು ಬಂತು’ ಎಂಬ ಮಾತು ಕೂಡ ಬಡಾವಣೆಯ ನೀರು ಸರಬರಾಜಿಗೆ ಸೇರಿತ್ತು. ಶುಕ್ರವಾರ ಪೂಜೆಯ ದಿನ. ಮನೆ ಒರೆಸಬೇಕು, ತಲೆಗೆ ಎರೆದುಕೊಳ್ಳಬೇಕು. ನೀರು ಬಂತಾ ಎಂದು ಕೇಳುವವರು ಆ ಬೆಳಿಗ್ಗೆಯೇ ಹೆಚ್ಚು. ಯಂತ್ರ ನಮ್ಮ ಬಾಯಾರಿಕೆಯನ್ನು ಅಳೆದು, ಅದನ್ನೇ ನೀರು ಎಂದು ನಮಗೆ ತಿರುಗಿಸಿ ಕೊಟ್ಟಿತ್ತು.

ಇದು ತಪ್ಪಲ್ಲವೇ ಎಂದೆ. ನೀವು ಹೇಳುವುದು ಸಂಪೂರ್ಣ ಸರಿ ಎಂದಿತು. ಪರೀಕ್ಷೆಗೆಂದು, ನನಗೇನೋ ಮಂಗಳವಾರ ಅನ್ನಿಸುತ್ತದೆ ಎಂದೆ. ಹೌದು, ಮಂಗಳವಾರವೇ ಎಂದು ಇನ್ನೊಂದು ನಕ್ಷೆ ಬರೆಯಿತು. ಆಗ ನನಗೆ ನಮ್ಮ ಕಚೇರಿ ನೆನಪಾಯಿತು. ಮೇಲಧಿಕಾರಿಗಳು ‘ಈ ತಿಂಗಳು ಚೆನ್ನಾಗಿದೆ ಅಲ್ಲವೇ?’ ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ನಾವು ಹೌದು ಸಾರ್ ಎಂದ ಮೇಲೆ ಅಂಕಿ ಹುಡುಕಲು ಕೂರುತ್ತಿದ್ದೆವು. ನಮ್ಮ ನೌಕರಿಯ ಗುಣವೆಲ್ಲ ಯಂತ್ರಕ್ಕೂ ಬಂದಿದೆ, ಪಿಂಚಣಿಯೊಂದನ್ನು ಬಿಟ್ಟು.

ಕೊನೆಗೆ ನನ್ನ ಆಸೆಯನ್ನು ಪ್ರಶ್ನೆಯೊಳಗೆ ತುರುಕದೆ ಕೇಳಿದೆ. ನೀರು ಬಂದಿದೆ ಎಂದು ಸ್ಪಷ್ಟವಾಗಿ ಹೇಳಿದವರನ್ನಷ್ಟೇ ಎಣಿಸು, ಎಣಿಸಿದ್ದನ್ನು ತೋರಿಸು, ಗೊತ್ತಾಗದಿದ್ದರೆ ಗೊತ್ತಿಲ್ಲ ಅನ್ನು ಎಂದೆ. ಈ ಸಲ ನಕ್ಷೆಯಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ‘ಬಂತು’ ಎಂದು ಬರೆದವರು ಒಬ್ಬಿಬ್ಬರು, ಅದೂ ಬಂದು ಹೋದ ಮೇಲೆ. ನೀರು ಬರುವಾಗ ನಿಮ್ಮವರು ಯಾರೂ ಗುಂಪಿನಲ್ಲಿ ಬರೆದಂತಿಲ್ಲ, ಬಹುಶಃ ತುಂಬಿಸಿಕೊಳ್ಳುವುದರಲ್ಲಿ ಇರುತ್ತಾರೆ. ಆದ್ದರಿಂದ ನೀರು ಯಾವಾಗ ಬರುತ್ತದೆಂದು ಈ ಮಾಹಿತಿಯಿಂದ ಹೇಳಲಾಗದು ಎಂದಿತು.

ಇದನ್ನೂ ಗುಂಪಿಗೆ ಹಾಕಿದೆ. ಒಂದು ಚಪ್ಪಾಳೆಯೂ ಬರಲಿಲ್ಲ. ಮೊದಲಿನದೇ ಚೆನ್ನಾಗಿತ್ತು, ಒಂದು ದಿನವನ್ನಾದರೂ ಹೇಳುತ್ತಿತ್ತು ಎಂದು ಒಬ್ಬರು ಬರೆದರು. ಗಂಗಮ್ಮನವರ ಬಳಿ ಹೋಗಿ ತಪ್ಪಾಯಿತೆಂದು ಹೇಳಿ, ನಡೆದದ್ದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಗೊತ್ತಿಲ್ಲ ಅಂತ ಮೊದ್ಲ ಅಂದಿದ್ರ ಟ್ಯಾಂಕರ್ ತರಸ್ತಿದ್ದೆ,” ಎಂದರು. “ನನಗ ಅಷ್ಟ ಬೇಕಾಗಿತ್ತು ನೋಡ್ರಿ.”

ಆದರೆ ಲೆಕ್ಕ ಬರೆದ ಕೈ ಸುಮ್ಮನಿರುತ್ತದೆಯೇ? ಯಂತ್ರದ ಕೊನೆಯ ಮಾತಿನಿಂದ ನಾನೇ ಒಂದು ಸಿದ್ಧಾಂತ ಹೊಸೆದೆ: ಗುಂಪಿನಲ್ಲಿ ಯಾರೂ ಮಾತಾಡದಿದ್ದರೆ ನೀರು ಬಂದಿದೆಯೆಂದು ಅರ್ಥ. ಮೊನ್ನೆ ಬೆಳಿಗ್ಗೆ ನೋಡುತ್ತೇನೆ, ಗುಂಪು ಗಪ್‌ಚಿಪ್. ಎದುರು ಮನೆಯಲ್ಲಿ ಕೊಡಗಳ ಸದ್ದು. ಸಿದ್ಧಾಂತ ಕಣ್ಣೆದುರೇ ನಿಜವಾಗುವ ಭಾಗ್ಯ ಎಷ್ಟು ಮಂದಿಗೆ ಸಿಕ್ಕೀತು? ಫೋನು ಹಿಡಿದುಕೊಂಡು, ಆ ಮೌನವನ್ನು ಸವಿಯುತ್ತ ಜಗುಲಿಯ ಮೇಲೆ ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ಗುಂಪಿನಲ್ಲಿ ಒಬ್ಬೊಬ್ಬರೇ ಮಾತಿಗೆ ತೊಡಗಿದರು. ಅಷ್ಟರಲ್ಲಿ ಹಾಲು ತರಲು ಹೋಗಿದ್ದ ಅನ್ನಪೂರ್ಣ ಬಂದಳು.

“ನೀರು ಬಂದು ಹೋಗೇತಂತಲ್ಲ. ಮೋಟರ್ ಹಾಕಿದ್ರೇನು?” ಎಂದು ಕೇಳಿದಳು.

ಈ ಪ್ರಶ್ನೆಗೆ ಮಾತ್ರ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ.