ಸಾಲು ತಪ್ಪಿಸಿ ಓದಿದ ಚಿತ್ರ

ಇದನ್ನು ಬರೆಯಲು ಹಲವು ಬಾರಿ ಕುಳಿತು ಎದ್ದಿದ್ದೇನೆ. ಇನ್ನು ಮುಂದೂಡಲು ನನ್ನ ಬಳಿ ವರ್ಷಗಳಿಲ್ಲ.

ಅರವತ್ತರ ದಶಕದ ಮಾತು. ಒಂಬತ್ತನೆಯ ತರಗತಿಯಲ್ಲಿ ನಪಾಸಾಗಿ ಕುಳಿತ ನನ್ನನ್ನು, ಒಂದು ವರ್ಷ ಹಿಂದಿದ್ದ ತಂಗಿ ಬಂದು ಸೇರಿಕೊಂಡಿದ್ದಳು. ಪುತ್ತಿಗೆಯಿಂದ ಮೂಡಬಿದ್ರೆಯ ಶಾಲೆಗೆ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದೆವು. ನಾನು ಬೇಕೆಂದೇ ಹತ್ತು ಮಾರು ಮುಂದಿರುತ್ತಿದ್ದೆ.

ಟೆಲಿವಿಷನ್ನನ್ನು ನಮ್ಮ ವಿಜ್ಞಾನ ಮಾಸ್ತರರೂ ಕಂಡವರಲ್ಲ. ಆದರೂ ಚೆನ್ನಾಗಿ ವಿವರಿಸಿದರು. ಚಿತ್ರ ಇಡಿಯಾಗಿ ಬರುವುದಿಲ್ಲ, ಅಡ್ಡ ಗೆರೆಗಳಾಗಿ ಬರುತ್ತದೆ. ಮೊದಲು ಬೆಸ ಸಾಲುಗಳು, ಆಮೇಲೆ ನಡುವಿನ ಸಮ ಸಾಲುಗಳು. ವೇಗಕ್ಕೆ ಕಣ್ಣು ಮೋಸಹೋಗಿ ಇಡೀ ಚಿತ್ರ ಕಾಣುತ್ತದೆ. ಗೆರೆ ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ.

ಶಾಲೆಯ ವಸ್ತುಪ್ರದರ್ಶನಕ್ಕೆ ತಂಗಿ ಇದನ್ನೇ ಆಟವಾಗಿಸಿದಳು. ಚೌಕುಳಿ ಕಾಗದದಲ್ಲಿ ನಲವತ್ತು ಸಾಲುಗಳ ದನದ ಮುಖ. ಪರದೆಯ ಹಿಂದೆ ನಾನು ಮೊದಲು ಬೆಸ ಸಾಲುಗಳನ್ನು, ಆಮೇಲೆ ಸಮ ಸಾಲುಗಳನ್ನು "ಕಪ್ಪು ಆರು, ಬಿಳಿ ಮೂರು" ಎಂದು ಓದಬೇಕು. ಚಿತ್ರ ನೋಡದೆ ಅವಳು ಹಲಗೆಯ ಮೇಲೆ ಬಿಳಿ ಚೌಕಗಳಿಗೆ ಸೀಮೆಸುಣ್ಣ ತುಂಬಬೇಕು.

ನಮ್ಮದು ಅಳಿಯಕಟ್ಟಿನ ಮನೆ, ಯಜಮಾನರು ಸೋದರಮಾವ. "ಬಂದು ನೋಡ್ತೇನೆ. ತಲೆಯಲ್ಲಿ ಏನಾದ್ರೂ ಉಂಟು ಅಂತ ಕಂಡ್ರೆ ಹುಡುಗಿಯನ್ನು ಮುಂದೆ ಓದಿಸುವ" ಎಂದಿದ್ದರು.

ಪ್ರದರ್ಶನದ ದಿನ ಬೆಳಿಗ್ಗೆ ಮಾಸ್ತರರು ಎಲ್ಲರೆದುರು ನನಗೆ, "ತಂಗಿಯನ್ನು ನೋಡಿ ಕಲಿ ಮಾರಾಯ" ಎಂದರು. ಹುಡುಗರು ನಕ್ಕರು.

ಬೆಸ ಸಾಲುಗಳನ್ನು ಸರಿಯಾಗಿಯೇ ಓದಿದೆ. ಸಮ ಸಾಲುಗಳನ್ನು ಎರಡನೆಯದರಿಂದ ಶುರುಮಾಡದೆ ಹತ್ತನೆಯದರಿಂದ ಓದಿದೆ. ಬಿಟ್ಟ ನಾಲ್ಕನ್ನು ಕೊನೆಗೆ ಸೇರಿಸಿದೆ. ನಡುವೆ ಅವಳಿಗೆ ಅನುಮಾನ ಬಂತು.

"ಅಣ್ಣ, ಸಾಲು ಸರಿ ಉಂಟಾ?"

"ಸರಿ ಉಂಟು. ನೀನು ಬರಿ."

ಅವಳು ಬರೆದಳು. ಹಲಗೆಯ ಮೇಲೆ ಕೊಂಬು, ಕಣ್ಣು, ಮೂಗು ಒಂದರೊಳಗೊಂದು ಸಿಕ್ಕಿಕೊಂಡವು.

"ಇದೆಂತದು ಮಾರಾಯ್ತಿ, ದನವಾ ಹಲಸಿನಹಣ್ಣಾ?" ಎಂದು ಯಾರೋ ಕೇಳಿದರು. ಇಡೀ ಕೋಣೆ ನಕ್ಕಿತು. ಮಾವ ಮಾತ್ರ ನಗಲಿಲ್ಲ. "ಸಾಕು, ಇನ್ನು ಬೀಡಿ ಕಟ್ಟಲು ಕಲಿಯಲಿ" ಎಂದು ಹೊರನಡೆದರು.

ದಾರಿಯಲ್ಲಿ ಅವಳು, "ಅಣ್ಣ, ಆ ಕಾಗದ ಕೊಡು. ನಾನು ಎಲ್ಲಿ ತಪ್ಪಿದೆ ಅಂತ ನೋಡ್ತೇನೆ" ಎಂದಳು. ಹರಿದು ಬಿಸಾಡಿದೆ ಎಂದೆ. ಅದು ನನ್ನ ಕಿಸೆಯಲ್ಲೇ ಇತ್ತು.

ಮರುವಾರದಿಂದ ಅವಳು ಬೀಡಿ ಕಟ್ಟುವ ಸೂಪು ಎಂಬ ಮೊರ ಹಿಡಿದು ಜಗಲಿಯಲ್ಲಿ ಕುಳಿತಳು. ನಾನು ಒಬ್ಬನೇ ಶಾಲೆಗೆ ಹೋಗಿ ಹೈಸ್ಕೂಲು ಮುಗಿಸಿದೆ. ಮಾವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮುದುಕಿಯಾದ ಮೇಲೂ ಮೊಮ್ಮಕ್ಕಳು ಲೆಕ್ಕ ಕೇಳಿದರೆ, "ನನಗೆ ಸಾಲು ಹಿಡಿಯುವ ಬುದ್ಧಿ ಇಲ್ಲ ಮಕ್ಕಳೇ, ಅಜ್ಜನನ್ನು ಕೇಳಿ" ಎಂದು ನನ್ನತ್ತ ಕಳಿಸುತ್ತಿದ್ದಳು. ನಾನು ಹೇಳಿಕೊಡುತ್ತಿದ್ದೆ.

ಕಳೆದ ವರ್ಷ ಅವಳು ತೀರಿಕೊಂಡಳು. ಇನ್ನು ಯಾರಲ್ಲಿ ಕೇಳಿದರೂ ಅದು ಕ್ಷಮೆಯಲ್ಲ. ನಾನು ಕೇಳಬೇಕಾಗಿದ್ದದ್ದು ಅವಳೊಬ್ಬಳಲ್ಲಿ, ನನ್ನ ಬೆನ್ನಿಗೆ ಬಿದ್ದ ತಂಗಿಯಲ್ಲಿ.