ವರ್ದಾಳ ನಾಲಿಗೆಯ ಉಪ್ಪು

ನಮ್ಮ ಓಣಿಯ ವರ್ದಾ ಪ್ರತಿ ಶುಕ್ರವಾರ ಇಗರ್ಜಿಗೆ ಬರುತ್ತಿದ್ದಳು. ಪರಮಪ್ರಸಾದಕ್ಕೆ ಮಾತ್ರ ಏಳುತ್ತಿರಲಿಲ್ಲ. ನಾವೆಲ್ಲ ಚಪ್ಪಲಿ ಬಿಟ್ಟು, ತಲೆಗೆ ಬಿಳಿ ಬಟ್ಟೆ ಹೊದ್ದು ಗರ್ಭಗುಡಿಯ ಪರದೆಯತ್ತ ಸರಿಯುವಾಗ ಅವಳು ಕೊನೆಯ ಬೆಂಚಿನಲ್ಲಿ ಕೂತು ನಮ್ಮ ಬೆನ್ನುಗಳನ್ನು ನೋಡುತ್ತಿದ್ದಳು.

"ಏನು ಪಾಪ ಮಾಡಿದ್ದಾಳೋ," ಎಂದು ಸಾಲಿನಲ್ಲಿ ಪಿಸುಗುಟ್ಟುತ್ತಿದ್ದರು.

ಪಾಪ ಉಪ್ಪಿನದು. ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ರಾತ್ರಿಯಿಂದ ಹನಿ ನೀರೂ ಮುಟ್ಟಬಾರದು. ಅವಳ ಗಂಡ ಕೆಲಾದನಿಗೆ ಅದೇನೂ ಕಷ್ಟವಲ್ಲ, ಮಲಗಿದರಾಯಿತು. ವರ್ದಾ ಬೆಳಕು ಹರಿಯುವ ಮೊದಲೇ ಎದ್ದು, ಕೆಂಡದ ಮೇಲೆ ಬೆಂದ, ಫೂಲ್ ಎನ್ನುವ ಅವರೆಯಂಥ ಕಾಳಿಗೆ ಎಣ್ಣೆ, ಜೀರಿಗೆ, ನಿಂಬೆ ಸೇರಿಸಬೇಕು. ಪೂಜೆ ಮುಗಿದದ್ದೇ ಮೈದುನರೆಲ್ಲ ಹಸಿದು ಅವಳ ಮನೆಗೇ ಬರುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅದೇ ಒಲೆ. ಸೌಟು ಹಿಡಿದ ಕೈ ಅವಳನ್ನು ಕೇಳದೆಯೇ ಬಾಯಿಗೆ ಹೋಗುತ್ತಿತ್ತು. ಅವಳು ಎಚ್ಚರವಾಗಿದ್ದ ದಿನ ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಉಪ್ಪು ನೋಡಿದೆಯೇನೇ?"

ಮುಟ್ಟು ಬಾಣಂತನದ ವರ್ಷಗಳಲ್ಲಿ ಹೇಗೂ ದೂರವಿರಬೇಕಿತ್ತು: ಗಂಡು ಹೆತ್ತರೆ ಇಷ್ಟು ದಿನ, ಹೆಣ್ಣು ಹೆತ್ತರೆ ಅದರ ಎರಡರಷ್ಟು. ಮುಟ್ಟು ನಿಂತ ಮೇಲೆ, ಇನ್ನು ತನ್ನನ್ನು ತಡೆಯುವವರಿಲ್ಲ ಎಂದುಕೊಂಡಿದ್ದಳು. ಆಗಲೂ ಉಪ್ಪು ಬಿಡಲಿಲ್ಲ.

ಪೂಜೆಯ ಕೊನೆಗೆ ಎಲ್ಲರಿಗೂ ಹಂಚುವ ಆಶೀರ್ವಾದದ ರೊಟ್ಟಿಯ ತುಂಡನ್ನು ಅವಳು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿರುತ್ತಿದ್ದಳು.

"ಇದು ಅಂಗಳದ ತನಕ ಕರೆದ ಹಾಗೆ ಕಣೇ," ಎಂದಿದ್ದಳು ಒಮ್ಮೆ ನನಗೆ. "ಒಳಗೆ ಕೂರಿಸಿ ತಟ್ಟೆ ಇಟ್ಟ ಹಾಗಲ್ಲ."

ಪಾಪನಿವೇದನೆಯಲ್ಲಿ ಪಾದ್ರಿ ಅಬೂನಾ ಸರಬಾಮೂನ್, "ಒಂದು ದಿನ ಬೇರೆ ಯಾರಾದರೂ ಒಲೆ ಮುಂದೆ ನಿಲ್ಲಲಿ, ಮಗಳೇ," ಎಂದರಂತೆ.

"ಅದನ್ನ ನಮ್ಮ ಮನೆಗೆ ಬಂದು ಹೇಳಿ ಅಬೂನಾ. ಊಟಕ್ಕೆ ಮುಂಚೆ ಹೇಳಿ," ಎಂದಳಂತೆ ಇವಳು.

ಉಪವಾಸಕಾಲದ ಒಂದು ಶುಕ್ರವಾರ ಮುಂಜಾನೆ ನಿಂಬೆಹಣ್ಣು ಕೇಳಲು ಹೋದೆ. ವರ್ದಾ ಮೂಗಿನ ಕೆಳಗಿನಿಂದ ಗದ್ದದವರೆಗೆ ಬಿಳಿ ಬಟ್ಟೆ ಬಿಗಿದುಕೊಂಡು ಕಾಳು ಕಲಕುತ್ತಿದ್ದಳು. ಕೆಲಾದ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಏನೇ ಇದು, ಒಲೆಗೆ ಕನ್ನ ಹಾಕೋಕೆ ಬಂದೆಯಾ?"

"ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ," ಎಂದಳು ಬಟ್ಟೆಯೊಳಗಿನಿಂದ.

"ಮತ್ತೆ ಉಪ್ಪು?" ಎಂದ ಅವನು.

"ಅಂದಾಜಿಗೆ ಹಾಕಿದೀನಿ."

ಎರಡು ಸಲ ಸೌಟು ಮೇಲೆದ್ದಿತು. ಎರಡು ಸಲವೂ ಬಟ್ಟೆಗೆ ತಾಗಿ ನಿಂತಿತು.

ಇಗರ್ಜಿಯಲ್ಲಿ ಅವಳು ಎದ್ದಾಗ ಹೆಂಗಸರ ಸಾಲು ಗಕ್ಕನೆ ನಿಂತಿತು. ಎಲ್ಲರಿಗಿಂತ ಮುಂದಿದ್ದ ಮುದುಕಿ ಮತ್ಯಾಸಾ ಹಿಂದೆ ತಿರುಗಿ, "ಬಾರಮ್ಮ, ನನ್ನ ಮುಂದೆ ನಿಲ್ಲು. ಇಷ್ಟು ವರ್ಷ ಈ ಪ್ರಸಾದ ನಾನು ಬೇಕಾದಷ್ಟು ಉಂಡಿದೀನಿ," ಎಂದಳು. ವರ್ದಾ ಬರಿಗಾಲಲ್ಲಿ ಹೋದಳು. ತಿರುಗಿ ಬರುವಾಗ, ಪ್ರಸಾದದ ಕಣವೂ ಹೊರಬೀಳದಂತೆ ನಾವೆಲ್ಲ ಮಾಡುವ ಹಾಗೆ, ಒಲೆಯ ಹೊಗೆವಾಸನೆಯ ಅದೇ ಬಟ್ಟೆಯನ್ನು ತುಟಿಗೆ ಒತ್ತಿಕೊಂಡಿದ್ದಳು. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

ಆಮೇಲೆ ಬಡಿಸಲು ಕೈಜೋಡಿಸೋಣವೆಂದು ಅವಳ ಮನೆಗೆ ಹೋದೆ. ಮೈದುನರು ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿದರು.

"ಅತ್ತಿಗೆ, ಇದರಲ್ಲಿ ಉಪ್ಪೇ ಇಲ್ವಲ್ಲ!"

ಕೆಲಾದ ಒಂದು ತುತ್ತು ಅದ್ದಿ ಅವಳ ಬಾಯಿಯತ್ತ ಚಾಚಿದ. "ನೀನೇ ನೋಡು."

ವರ್ದಾ ಮುಖ ಹಿಂದಕ್ಕೆಳೆದುಕೊಂಡು ತಲೆಯಾಡಿಸಿದಳು. ಉಪ್ಪಿನ ಡಬ್ಬಿಯನ್ನು ಅವನ ಮುಂದಿಟ್ಟು, ಬಾಗಿಲ ಬಳಿ ಹೋಗಿ ಅದೇ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಕೂತಳು.